ಎಡಮಗ್ಗುಲು ಒಡೆದ ಲಾರಿ

ಒಡೆದ ಕೊಡ, ಸೀಳಿದ ಬಕೆಟ್ಟು, ಹಿಡಿ ಕಿತ್ತ ಬುಟ್ಟಿ ಇವನ್ನು ಬೆಸೆಯುವುದು ನನ್ನ ಕೆಲಸವಾಗಿತ್ತು. ವಾಡಿಯ ಸ್ಟೇಷನ್ ರಸ್ತೆಯಲ್ಲಿ ನಮ್ಮ ಮನೆಯ ಮುಂದೆ ತಗಡಿನ ನೆರಳು ಮಾಡಿಕೊಂಡು, ಇದ್ದಲಿ ಶೆಗಡಿ ಇಟ್ಟುಕೊಂಡು ಕೂಡುತ್ತಿದ್ದೆ. ಶೆಗಡಿಯಲ್ಲಿ ಯಾವಾಗಲೂ ಕಬ್ಬಿಣದ ಎರಡು ಪಟ್ಟಿ ಕಾಯುತ್ತಿರುತ್ತಿದ್ದವು. ಒಂದು ತಣ್ಣಗಾಗುವಷ್ಟರಲ್ಲಿ ಇನ್ನೊಂದು ಕೈಗೆ ಬರಬೇಕು. ಹಳೆಯ ಕೊಡದ ತುಂಡನ್ನು ಬಿರುಕಿನ ಮೇಲಿಟ್ಟು, ಕಾದ ಪಟ್ಟಿಯಿಂದ ತೀಡಿ ಎರಡನ್ನೂ ಕರಗಿಸಿ ಒಂದು ಮಾಡುವುದು. ಅದರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಆದರೆ ಲಾರಿಯ ಕೆಲಸ ನನ್ನ ಶೆಗಡಿಯ ಮುಂದೆ ಬರುತ್ತದೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಮನೆಯ ಮುಂದೆ ಸಣ್ಣ ಲಾರಿಯೊಂದು ಬಂದು ನಿಂತಿತು. ಆಗಷ್ಟೇ ನಮ್ಮ ಕಡೆ ಬರತೊಡಗಿದ್ದ ಹೊಸ ನಮೂನೆಯ ಗಾಡಿ. ಹಳೆಯ ಲಾರಿಗಳಿಗೆ ಮುಂದುಗಡೆ ಎಲ್ಲ ತಗಡು. ಇದಕ್ಕೆ ಮುಂದಿನ ಜಾಳಿ, ಬಂಪರಿನ ಎರಡು ಮೂಲೆ, ಗಾಲಿಯ ಮೇಲಿನ ಕಮಾನು ಪಟ್ಟಿ, ಕನ್ನಡಿಯ ಡಬ್ಬಿ ಎಲ್ಲವೂ ಕರಿಯ ಪ್ಲಾಸ್ಟಿಕ್ಕು. ಕರಿ ಎನ್ನುವುದು ಬಂದಾಗಿನ ಬಣ್ಣ. ಈಗ ಬಿಸಿಲಿಗೆ ಬೆಂದು, ಸಿಮೆಂಟಿನ ಧೂಳು ಕೂತು ಒಲೆಯ ಬೂದಿಯ ಬಣ್ಣವಾಗಿತ್ತು.

ಇಳಿದು ಬಂದವರು ಐವತ್ತು ದಾಟಿದ ಡ್ರೈವರ್. ಖಾಕಿ ಅಂಗಿ, ಮದರಂಗಿ ಹಚ್ಚಿದ ಗಡ್ಡ. ಕೈಯಲ್ಲಿ ಹಳೆಯ ಲುಂಗಿಯ ಗಂಟು. ಬಿಚ್ಚಿ ನನ್ನ ಮುಂದೆ ಹರವಿದರು. ಬಂಪರಿನ ಒಂದು ಮೂಲೆ, ಐದಾರು ಚೂರಾದದ್ದು.

"ಬೇಟಿ, ಪ್ಲಾಸ್ಟಿಕ್ ಏನಿದ್ರೂ ಜೋಡಸ್ತಿ ಅಂತ ಮಂದಿ ಅಂದ್ರು. ಇದು ಆಗ್ತದೇನು ನೋಡು."

"ಚಾಚಾ, ನಾ ಕೊಡ ಜೋಡ್ಸಾಕಿ. ಗಾಡಿ ಕೆಲಸ ಗ್ಯಾರೇಜಿನವ್ರಿಗೆ ತೋರಸ್ರಿ."

"ತೋರಿಸೀನಿ. ತಗಡಿದ್ರ ಬಡದು ಸೀದಾ ಮಾಡ್ತಿದ್ವಿ, ಇದು ನಮ್ಮ ಕೈಲೆ ಆಗಂಗಿಲ್ಲ, ಹೈದರಾಬಾದಿಂದ ಹೊಸಾದು ತರಸ್ರಿ ಅಂದ್ರು. ಹೊಸಾದು ತರಸಬೇಕಂದ್ರ ಸಾವ್ಕಾರ್ರಿಗೆ ಹೇಳಬೇಕು." ಅವರು ಗಡ್ಡ ಸವರಿಕೊಂಡರು. "ಮಳಖೇಡದ ಹತ್ರ ಎಮ್ಮಿ ಅಡ್ಡ ಬಂತು."

ಗಾಡಿ ಸೇಡಂನ ಒಂದು ಬೇಳೆ ಮಿಲ್ಲಿನದು. ಮಿಲ್ಲಿನಲ್ಲಿ ಅದು ಯಾವಾಗಲೂ ಹಿಂದೆ ಸರಿದು ಗೋದಾಮಿನ ಬಾಗಿಲಿಗೆ ನಿಲ್ಲುತ್ತಿತ್ತು, ಸಾಹುಕಾರರು ನೋಡುತ್ತಿದ್ದದ್ದು ಹಿಂಬದಿಯನ್ನೇ. ಆದರೆ ಆಯುಧ ಪೂಜೆಯ ದಿನ ಮಾತ್ರ ಅವರೇ ಗಾಡಿಯ ಮುಂದೆ ನಿಂತು ಕುಂಕುಮ ಹಚ್ಚಿ ಹಾರ ಹಾಕುತ್ತಾರಂತೆ. ಅಷ್ಟರೊಳಗೆ ಒಡೆದದ್ದು ಕೂಡಬೇಕು, ಮಾಸಿದ್ದು ಕರ್ರಗಾಗಬೇಕು.

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಅವರು ಉಗುರಿನಷ್ಟು ಸಣ್ಣ ಚೂರನ್ನೂ ಕಳೆಯದೆ ತಂದಿದ್ದರು. ಚೂರು ಕೂಡಿಟ್ಟುಕೊಳ್ಳುವವರಿಗೆ ಇಲ್ಲ ಎನ್ನಲು ನನಗೆ ಯಾವತ್ತೂ ಬಾಯಿ ಬಂದಿಲ್ಲ. ಇಟ್ಟುಹೋಗಿರಿ, ನೋಡೋಣ ಎಂದೆ.

ಮೊದಲು ತೊಳೆಯುವ ಕೆಲಸ. ಸಿಮೆಂಟು ಕಾರ್ಖಾನೆಯ ಊರಾದ ವಾಡಿಯಲ್ಲಿ ಹುಟ್ಟಿ ಬೆಳೆದವರಿಗೆ ಸಿಮೆಂಟಿನ ಧೂಳಿನ ಗುಣ ಗೊತ್ತು: ಒದ್ದೆ ಕೈ ಹಚ್ಚಿದರೆ ಅಲ್ಲೇ ಗಟ್ಟಿಯಾಗುತ್ತದೆ. ಒಣ ಕುಂಚದಿಂದ ಉದುರುವಷ್ಟನ್ನು ಉದುರಿಸಿದೆ. ಇಬ್ಬನಿಗೆ, ಮಳೆಗೆ ಆಗಲೇ ಕಲ್ಲಾಗಿ ಕೂತದ್ದನ್ನು ಬಿಡಿಸಲು ಹುಣಸೆಹುಳಿ ಕಿವುಚಿ ಹಚ್ಚಿಟ್ಟೆ. ಒಂದು ಹೊತ್ತು ನೆನೆದ ಮೇಲೆ ತೆಂಗಿನ ನಾರಿನಿಂದ ಉಜ್ಜಿದರೆ ಪದರ ಪದರವಾಗಿ ಬಿಟ್ಟುಕೊಂಡಿತು. ಕೆಳಗಿನ ಪ್ಲಾಸ್ಟಿಕ್ಕು ಮಾತ್ರ ಬೂದಿ ಬಣ್ಣದ್ದೇ.

ಆಮೇಲೆ ಬೆಸೆಯಲು ಕೂತೆ. ನನಗೆ ಗೊತ್ತಿದ್ದದ್ದು ಒಂದೇ ದಾರಿ. ಒಂದು ಕರಿಯ ಕೊಡ ಒಡೆದು ಅದರ ತುಂಡನ್ನು ಬಿರುಕಿನ ಹಿಂದೆ ಇಟ್ಟು ಕಾದ ಪಟ್ಟಿಯಿಂದ ತೀಡಿದೆ. ಎರಡೂ ಕರಗಿದವು, ಒಂದಾದಂತೆ ಕಂಡವು. ನನ್ನ ಕೈಯನ್ನು ನಾನೇ ಮೆಚ್ಚಿಕೊಂಡೆ. ಚಾಚಾ ಮರುದಿನ ಬಂದು ಮೂಲೆಯನ್ನು ಗಾಡಿಗೆ ಹಿಡಿದು ಸ್ಕ್ರೂ ಬಿಗಿದರು. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಟಪ್ ಎಂದು ಸದ್ದಾಯಿತು. ನನ್ನ ತೇಪೆ ಪೂರ್ತಿಗೆ ಪೂರ್ತಿ, ಒಣಗಿದ ಗಾಯದ ಹಕ್ಕಳೆಯಂತೆ ಎದ್ದುಬಂತು. ಕೆಳಗೆ ಬಿರುಕು ಇದ್ದಂತೆಯೇ ಇತ್ತು.

"ಇರ್ಲಿ ಬಿಡು ಬೇಟಿ, ನಿನ್ನ ತಪ್ಪಲ್ಲ," ಎಂದರು. ಮುಖ ಮಾತ್ರ ಸಣ್ಣದಾಗಿತ್ತು.

"ಒಂದು ಸಲಕ್ಕ ಹಿಂಗಂದ್ರ ಹೆಂಗ್ರಿ? ಇನ್ನೊಂದು ಸಲ ನೋಡ್ತೀನಿ."

ಅವರು ಹೋದ ಮೇಲೆ ಕೊಡದ ಪ್ಲಾಸ್ಟಿಕ್ಕಿನ ಸಿಬಿರು, ಬಂಪರಿನ ಸಿಬಿರು, ಅವತ್ತು ತಂದುಕೊಟ್ಟಿದ್ದ ಜಾಳಿಯ ಸಿಬಿರು ಮೂರನ್ನೂ ಬೇರೆ ಬೇರೆ ಸುಟ್ಟು ನೋಡಿದೆ. ಕೊಡದ್ದು ಮೇಣದ ಬತ್ತಿಯಂತೆ ತೊಟ್ಟಿಕ್ಕಿತು. ಬಂಪರಿನದು ಸುಮಾರು ಹಾಗೆಯೇ, ಆದರೆ ಹೊತ್ತಿಕೊಳ್ಳಲು ತಡ, ವಾಸನೆ ಬೇರೆ. ಜಾಳಿಯದಂತೂ ಕರಿಯ ಎಳೆ ಎಳೆ ಮಸಿ ಬಿಡುತ್ತ ಉರಿದು ಗಂಟಲು ಕಟ್ಟಿಸಿತು. ನೀರಿಗೆ ಹಾಕಿದರೆ ಕೊಡದ್ದೂ ಬಂಪರಿನದೂ ತೇಲಿದವು, ಜಾಳಿಯದು ಮುಳುಗಿತು. ಕಣ್ಣಿಗೆ ಒಂದೇ ಆದರೂ ಮೂರೂ ಮೂರು ಜಾತಿ. ಒಂದು ಜಾತಿಯದು ಇನ್ನೊಂದರ ಮೇಲೆ ಕೂಡುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ಹಾಗಾದರೆ ತೇಪೆಗೆ ಅದೇ ಪ್ಲಾಸ್ಟಿಕ್ಕು ಬೇಕು. ವಾಡಿಯಲ್ಲಿ ಅದನ್ನು ಎಲ್ಲಿಂದ ತರುವುದು?

ಎರಡು ದಿನ ಆ ಚೂರುಗಳ ಕಡೆ ನೋಡಲಿಲ್ಲ. ಕೊಡಗಳನ್ನೇ ಬೆಸೆಯುತ್ತ ಕೂತೆ. ಮೂರನೆಯ ದಿನ ಬಂಪರಿನ ಮೂಲೆಯನ್ನು ಸುಮ್ಮನೆ ತಿರುವಿ ನೋಡುತ್ತಿದ್ದಾಗ ಅದರ ಒಳ ಅಂಚು ಕಣ್ಣಿಗೆ ಬಿತ್ತು. ಗಾಡಿಗೆ ಕೂಡಿಸಿದ ಮೇಲೆ ಒಳಗೆ ಮಡಚಿಕೊಳ್ಳುವ, ಯಾರಿಗೂ ಕಾಣದ ಎರಡು ಬೆರಳಗಲದ ಪಟ್ಟಿ. ಬಿಸಿಲು ತಾಗದೆ ಇನ್ನೂ ಕರ್ರಗೇ ಇತ್ತು. ಅದನ್ನೇ ಗರಗಸದಿಂದ ಕೊಯ್ದು, ಕಸಬರಿಗೆ ಕಡ್ಡಿಯಷ್ಟು ಸಣ್ಣ ಕಡ್ಡಿಗಳನ್ನು ಮಾಡಿಕೊಂಡೆ. ಬಿರುಕಿನ ಎರಡೂ ದಡವನ್ನು ಚಾಕುವಿನಿಂದ ಓರೆಯಾಗಿ ಕೆತ್ತಿ ಕಾಲುವೆಯಂತೆ ಮಾಡಿದೆ. ಅದರಲ್ಲಿ ಕಡ್ಡಿ ಇಟ್ಟು ಕರಗಿಸಿ ತುಂಬಿದೆ. ಹಿಂದುಗಡೆ ಹಿತ್ತಾಳೆಯ ಚಹಾ ಜರಡಿಯ ಬಲೆಯನ್ನು ಕತ್ತರಿಸಿ ಕಾಸಿ ಒಳಕ್ಕೆ ಇಳಿಸಿದೆ. ತಣ್ಣಗಾದ ಮೇಲೆ ಮೊಣಕಾಲಿಗೆ ಕೊಟ್ಟು ಬಾಗಿಸಿದೆ. ಮೂಲೆ ಬಾಗಿತು, ಬಿಡಲಿಲ್ಲ.

ಚಾಚಾ ಅದನ್ನು ಕೈಯಲ್ಲಿ ಹಿಡಿದು ಬೆರಳಾಡಿಸಿ ಎಲ್ಲಿ ಕೂಡಿಸಿದ್ದೇನೆಂದು ಹುಡುಕಿದರು. ಸಿಗಲಿಲ್ಲ. ಮಕ್ಕಳಂತೆ ನಕ್ಕರು. ಅಂದಿನಿಂದ ವಾಡಿಗೆ ಬಂದಾಗಲೆಲ್ಲ ಒಂದೊಂದು ತಂದುಕೊಟ್ಟು ಹೋಗತೊಡಗಿದರು. ಗಾಲಿಯ ಕಮಾನು ಪಟ್ಟಿ, ದೀಪದ ಸುತ್ತಿನ ಚೌಕಟ್ಟು, ತಂತಿ ಸುತ್ತಿ ನಿಲ್ಲಿಸಿದ್ದ ಕನ್ನಡಿ ಡಬ್ಬಿ.

ಕಪ್ಪು ತರುವುದೂ ಸುಲಭವಿರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದರೆ ಒಂದು ದಿನ ಮಿಂಚಿತು, ಮರುದಿನ ಊರಿನ ಧೂಳೆಲ್ಲ ಅದರ ಮೇಲೆ. ಬೂಟ್ ಪಾಲಿಶ್ ಒಂದು ಮಳೆಗೆ ಹರಿದು ಹೋಯಿತು. ರೈಲ್ವೆಯಲ್ಲಿ ಪೈಪು ಬೆಸೆಯುತ್ತಿದ್ದ ನೆರೆಯವರ ಹತ್ತಿರ ಸೀಮೆಎಣ್ಣೆಯ ಬ್ಲೋ ಲ್ಯಾಂಪ್ ಇತ್ತು. ಅದರ ಉರಿಯನ್ನು ಬಂಪರಿನ ಮೂಲೆಯ ಮೇಲೆ ಒಂದೇ ಓಟದಲ್ಲಿ ಹಾಯಿಸಿದಾಗ ಕಣ್ಣೆದುರೇ ಬೂದಿ ಬಣ್ಣ ಹೋಗಿ ಒಳಗಿನ ಕಪ್ಪು ಮೇಲೆದ್ದು ಬಂತು. ಆ ಸಂತೋಷದಲ್ಲಿ ಕಮಾನು ಪಟ್ಟಿಯ ಮೇಲೆ ಉರಿಯನ್ನು ಒಂದು ಗಳಿಗೆ ಹೆಚ್ಚಿಗೆ ಹಿಡಿದೆ. ಅಂಚು ರೊಟ್ಟಿಯಂತೆ ಮೆತ್ತಗಾಗಿ ಜೋತುಬಿತ್ತು. ಬಿಸಿ ಇದ್ದಾಗಲೇ ಅಂಗಳದ ನಯವಾದ ಪರ್ಸಿ ಹಾಸುಗಲ್ಲಿನ ಮೇಲೆ ಹಾಕಿ, ಒದ್ದೆ ಬಟ್ಟೆ ಹೊದಿಸಿ, ಮೇಲೆ ಇನ್ನೊಂದು ಪರ್ಸಿ ಹೇರಿ ಕೂತೆ. ನೇರವಾಯಿತು, ಆದರೆ ಒಂದು ಕಡೆ ಅಲೆ ಉಳಿಯಿತು. ಅದು ಈಗಲೂ ನನ್ನ ಕಣ್ಣಿಗೆ ಚುಚ್ಚುತ್ತದೆ.

ಒಂದು ಕಡೆ ಕರ್ರಗಾದರೆ ಇನ್ನೊಂದು ಕಡೆ ಮಾಸಿದ್ದು ಎದ್ದು ಕಾಣುತ್ತದೆಂದು ಬಲಗಡೆಯವನ್ನೂ ಬಿಚ್ಚಿ ಕೊಡಲು ಹೇಳಿದೆ. ಹಬ್ಬ ಹತ್ತಿರ ಬಂದಿತ್ತು. ಅಂಗಳದಲ್ಲಿ ಎಲ್ಲವನ್ನೂ ಗಾಡಿಯ ಮೇಲೆ ಇರುವಂತೆಯೇ ಜೋಡಿಸಿಟ್ಟೆ. ನಡುವೆ ಜಾಳಿ, ಆಚೆ ಈಚೆ ದೀಪದ ಚೌಕಟ್ಟು, ಕೆಳಗೆ ಬಂಪರಿನ ಮೂಲೆಗಳು, ಬದಿಗೆ ಕಮಾನು ಪಟ್ಟಿ, ಮೇಲೆ ಕನ್ನಡಿ ಡಬ್ಬಿಗಳು. ಯಾವುದು ಮುಗಿಯಿತು, ಯಾವುದು ಉಳಿಯಿತು ನೋಡಬೇಕಿತ್ತು. ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದೆ.

ಬಲಗಡೆಯವು ಮಾಸಿದ್ದವು ಅಷ್ಟೇ. ಒಂದು ಗೀರಿಲ್ಲ. ಒಡೆದದ್ದೆಲ್ಲ ಎಡಗಡೆಯವು. ಒಂದೂ ಬಿಡದೆ ಎಡಗಡೆಯವು.

ಎಮ್ಮೆ ಎಡದಿಂದ ಬಂದಿರಬಹುದು ಎಂದುಕೊಂಡೆ. ಇನ್ನೂ ಮುಟ್ಟದಿದ್ದ ಜಾಳಿಯ ಬಿರುಕುಗಳನ್ನು ಬಗ್ಗಿ ನೋಡಿದೆ. ಒಂದರ ದಡ ಮೇಲ್ಮೈಯಷ್ಟೇ ಮಾಸಿ ಧೂಳು ಕಚ್ಚಿತ್ತು, ಅದು ಹಳೆಯದು. ಪಕ್ಕದ್ದು ಇನ್ನೂ ಕರ್ರಗೆ ಹೊಳೆಯುತ್ತಿತ್ತು, ಅದು ಗಾಡಿಯಿಂದ ಬಿಚ್ಚುವ ಸ್ವಲ್ಪ ಮುಂಚಿನದು. ತೊಳೆಯುವಾಗ ಬಂಪರಿನ ಮೂಲೆಯಿಂದ ಗೋಡೆಯ ಸುಣ್ಣ ಬಿಡಿಸಿದ್ದೆ, ಕಮಾನು ಪಟ್ಟಿಯಿಂದ ಎತ್ತಿನ ಗಾಡಿಯ ಕೀಲೆಣ್ಣೆ ಬಿಡಿಸಿದ್ದೆ. ಆಗ ಅದು ಬರೀ ಕೊಳೆಯಾಗಿತ್ತು. ಕನ್ನಡಿ ಡಬ್ಬಿಯ ಸೀಳಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ಚಿಮುಟದಿಂದ ಎಳೆದೆ. ಹಸಿರು ನೂಲು, ಸೀರೆಯ ಅಂಚಿನದು.

ಅಂದು ಮಧ್ಯಾಹ್ನ ಚಾಚಾ ಬಂದರು. ಎಂದಿನಂತೆ ಪರ್ಸಿ ಕಲ್ಲಿನ ಮೇಲೆ ಕೂತರು. ಚಹಾ ಮಾಡಿ, ಬೇಕೆಂದೇ ಅವರ ಎಡಗಡೆಯಿಂದ ಬಂದು ಬಸಿ ಚಾಚಿ ನಿಂತೆ. ಅವರು ರಸ್ತೆ ನೋಡುತ್ತ ಮಳೆಯ ಮಾತಾಡುತ್ತಲೇ ಇದ್ದರು. ಬಸಿ ಅವರ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಬೀಡಿ ತೆಗೆಯಲು ಕೈ ಎತ್ತಿದಾಗ ತಗುಲಿ ಚಹಾ ಅಂಗಿಯ ಮೇಲೆ ಚೆಲ್ಲಿತು. ಬೆಚ್ಚಿ ಇಡೀ ತಲೆ ತಿರುಗಿಸಿ ನನ್ನನ್ನು ನೋಡಿದರು.

ನಾನು ಕೇಳಿದೆ: "ಚಾಚಾ, ಎಮ್ಮಿ ಎಷ್ಟ ಸಲ ಅಡ್ಡ ಬಂತು?"

ಅವರು ಅಂಗಿ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

"ದೊಡ್ಡ ಗಾಡಿ ಇದ್ದಾಗ ಕ್ಲೀನರ್ ಇದ್ದ," ಎಂದರು ಕೊನೆಗೆ. "ನನ್ನ ವಯಸ್ಸಿನವನೇ. ಎಷ್ಟೋ ವರ್ಷ ಕೂಡಿ ದುಡದೀವಿ. ಎಡಗಡೆ ಅಂವ ನೋಡ್ತಿದ್ದ, ಬಲಗಡೆ ನಾ. ಅಂವ 'ಎಡಕ್ಕ ಖಾಲಿ' ಅಂದ್ರ ಕಣ್ಣ ಮುಚ್ಚಿ ತಿರಗಸ್ತಿದ್ದೆ. ಸಣ್ಣ ಗಾಡಿ ತಂದ ಮ್ಯಾಲೆ, ಇದಕ್ಕ್ಯಾಕ ಕ್ಲೀನರ್ ಅಂತ ಸಾವ್ಕಾರ್ರು ಅವನ್ನ ಮಿಲ್ಲಿನಾಗ ಹಾಕಿದ್ರು. ಆಗ ಗೊತ್ತಾತು, ಎಡಗಡೆ ನಂಗ ಏನೂ ಇಲ್ಲ ಅಂತ."

"ಈ ನೂಲು ಯಾರದು?"

ಅದನ್ನು ನೋಡಲು ಅವರು ಅಂಗೈಯನ್ನು ಮೂಗಿನ ನೇರಕ್ಕೆ ತಂದುಕೊಂಡರು. "ಸುಲೇಪೇಟ ಬಜಾರದಾಗ ಒಬ್ಬ ಹೆಣ್ಮಗಳ ಸೆರಗು ಸಿಕ್ಕಿತ್ತು. ಬಿದ್ದಳು. ಎದ್ದು ಬೈಕೋತ ಹೋದಳು."

"ನೋಡಿದ್ರೇನು?"

"ಇಲ್ಲ. ಬೈದಿದ್ದು ಕೇಳಿದೆ."

ಅಂಗಳದಲ್ಲಿ ನಾನು ಇಷ್ಟು ದಿನ ಕೂತು ಕೂಡಿಸಿದ್ದೆಲ್ಲ ಬಿಸಿಲಿಗೆ ಕರ್ರಗೆ ಮಿಂಚುತ್ತಿತ್ತು.

"ಚಾಚಾ, ಜಾಳಿ ನಾ ಜೋಡಸಂಗಿಲ್ಲ. ಮೊದಲ ಗುಲ್ಬರ್ಗಾಕ್ಕ ಹೋಗಿ ಕಣ್ಣ ತೋರಸ್ರಿ."

"ತೋರಿಸಿದ್ರ ಏನಂತಾರ, ಗೊತ್ತಿಲ್ಲೇನು ನಿನಗ? ಗಾಡಿ ಬಿಡು ಅಂತಾರ. ಸ್ಟೇರಿಂಗ್ ಬಿಟ್ಟು ಬ್ಯಾರೆ ಏನ್ ಬರ್ತದ ನಂಗ? ಹಬ್ಬ ಆಗ್ಲಿ. ಹಬ್ಬ ಆದ ಮ್ಯಾಲೆ ನಾನ ಹೇಳ್ತೀನಿ."

"ಹಬ್ಬದೊಳಗ ಯಾರರ ಸತ್ರ?"

ಅವರು ಎದ್ದು ನಿಂತರು. ಸಿಟ್ಟು ಬಂದಿತ್ತು. ಜಾಳಿಯನ್ನು ಎತ್ತಿಕೊಳ್ಳಲು ಬಗ್ಗಿದವರು ಎತ್ತಿಕೊಳ್ಳದೆ ಹಾಗೇ ಕುಕ್ಕರಿಸಿದರು. "ಮನ್ಯಾಕಿಗೂ ಗೊತ್ತಿಲ್ಲ," ಎಂದರು.

ಸಂಜೆ ಪರ್ಸಿ ಕಾರ್ಖಾನೆಯಿಂದ ಬಂದ ನನ್ನ ಗಂಡನಿಗೆ ಹೇಳಿದೆ. "ನಿನಗ್ಯಾಕ ಬೇಕು ಮಂದಿ ಉಸಾಬರಿ? ಒಡದಿದ್ದು ಜೋಡಸು, ಕಳಸು," ಎಂದ. ಊಟ ಮಾಡಿದ. ಕೈ ತೊಳೆಯುವಾಗ ತಾನೇ ಮತ್ತೆ ಮಾತು ತೆಗೆದ. "ಆ ಗಾಡಿ ನಮ್ಮ ಕಾರ್ಖಾನಿ ಮುಂದಾನೂ ಹೋಗ್ತದ," ಎಂದ. "ನೀನೂ ಕೂಡೇ ಹೋಗಿ ಬಾ."

ಚಾಚಾನಿಗೆ ಬೇರೆ ದಾರಿ ಇರಲಿಲ್ಲ. ಗಾಡಿ ನಮ್ಮ ಮನೆ ಮುಂದೆ ಜಾಳಿಯಿಲ್ಲದೆ ಬಾಯಿ ತೆರೆದು ನಿಂತಿತ್ತು. ಅವರು ಹೇಳಿ ಕಳಿಸಿದ್ದರಿಂದ ಮರುದಿನ ಚಿತ್ತಾಪುರದಿಂದ ಅವರ ಹೆಂಡತಿ ರೈಲಿಗೆ ಬಂದರು. ಮೂವರೂ ಪ್ಯಾಸೆಂಜರ್ ಹತ್ತಿ ಗುಲ್ಬರ್ಗಾಕ್ಕೆ ಹೋದೆವು. ಚಾಚಿಗೆ ಆಗಷ್ಟೇ ವಿಷಯ ಗೊತ್ತಾಗಿತ್ತು. ದಾರಿಯುದ್ದಕ್ಕೂ ನನ್ನ ಹತ್ತಿರ ಒಂದೇ ಮಾತು: "ಮೋತಿಬಿಂದು ಇರ್ತದವ್ವ, ಕಣ್ಣಿನ ಪೊರಿ. ನಮ್ಮ ಅಣ್ಣಗೂ ಇತ್ತು. ತೆಗದ್ರು, ಈಗ ಸೂಜಿ ಪೋಣಸ್ತಾನ."

ದವಾಖಾನೆಯಲ್ಲಿ ಕಣ್ಣಿನ ಡಾಕ್ಟರು ಒಂದು ಕಣ್ಣು ಮುಚ್ಚಿಸಿ ಬೆರಳು ಆಡಿಸಿದರು, ಇನ್ನೊಂದು ಮುಚ್ಚಿಸಿ ಆಡಿಸಿದರು. ಕತ್ತಲ ಕೋಣೆಗೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ಚಾಚಿ ಅವರ ಮುಂದೆ ಸೆರಗು ಹಿಡಿದು ನಿಂತಿದ್ದರು.

"ಮೋತಿಬಿಂದು ಇದ್ರ ತೆಗೀತಿದ್ವಿ ತಾಯಿ," ಎಂದರು ಡಾಕ್ಟರು. ಒಳ್ಳೆಯ ಮನುಷ್ಯ, ಕುರ್ಚಿ ಎಳೆದು ಕೂತು ಮಾತಾಡಿದರು. "ಇದು ಒಳಗಿನ ನರ. ಕಣ್ಣಾಗ ಒತ್ತಡ ಹೆಚ್ಚಾಗಿ ನರ ಒಣಗ್ಯದ. ಎಡಗಣ್ಣಿಂದು ಪೂರಾ ಹೋಗ್ಯದ. ಬಲಗಣ್ಣಾಗ ನಡುವಿಂದಷ್ಟೇ ಉಳದದ, ಆಜೂಬಾಜು ಕಾಣಂಗಿಲ್ಲ. ಹೋದದ್ದು ತಿರುಗಿ ಬರಂಗಿಲ್ಲ. ಇದ್ದದ್ದು ಉಳೀಲಿ ಅಂತ ಹನಿ ಕೊಡ್ತೀನಿ."

"ಎಷ್ಟ ದಿನ ಉಳೀತದ್ರಿ?" ಎಂದು ಚಾಚಾ ಕೇಳಿದರು.

"ಹೇಳಾಕ ಬರಂಗಿಲ್ಲ. ಗಾಡಿ ಮಾತ್ರ ಇವತ್ತಿಂದ ಬ್ಯಾಡ."

ತಿರುಗಿ ಬರುವಾಗ ಶಹಾಬಾದ ಸ್ಟೇಷನ್ನಿನಲ್ಲಿ ಚಾಚಿ ಭಜಿ ತೆಗೆದುಕೊಂಡರು, ಯಾರೂ ತಿನ್ನಲಿಲ್ಲ. ವಾಡಿಯಲ್ಲಿ ಇಳಿದ ಮೇಲೆ ಚಾಚಾ ನಮ್ಮ ಮನೆಯ ತನಕ ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು, ಎಡಗೈಯಿಂದ ಅದನ್ನು ಮುಟ್ಟಿಕೊಳ್ಳುತ್ತ.

"ಬೇಟಿ, ಜಾಳಿ ಜೋಡಸಿ ಕೊಡು. ಸಾವ್ಕಾರ್ರಿಗೆ ಬರಾಕ ಹೇಳಿ ಕಳಸ್ತೀನಿ. ಬಂದು ಒಯ್ಲಿ. ಮುರದ ಗಾಡಿ ಅವರ ಕೈಯಾಗ ಕೊಟ್ಟು ಹೋಗಲಾರೆ."

ಬೀಗದ ಕೈಯನ್ನು ನನ್ನ ಗಂಡನ ಕೈಗೆ ಕೊಟ್ಟರು. ಸೇಡಂ ಬಸ್ಸಿನ ಕಂಡಕ್ಟರನ ಮೂಲಕ ಸಾಹುಕಾರರಿಗೆ ಹೇಳಿ ಕಳಿಸಿದರು. ನಾನು ಜಾಳಿಗೆ ಕೂತೆ.

ಎಲ್ಲಕ್ಕಿಂತ ಕಷ್ಟದ್ದು ಅದೇ. ಮೂರು ಅಡ್ಡಪಟ್ಟಿ ಮುರಿದು ನಡುವೆ ಒಂದು ಅಂಗುಲ ತುಂಡೇ ಇರಲಿಲ್ಲ. ಅಷ್ಟು ತೆಳುವಿಗೆ ಕಾದ ಪಟ್ಟಿ ಹಿಡಿದರೆ ಕುಗ್ಗಿ ಸೊಟ್ಟಾಗುತ್ತಿತ್ತು. ದಬ್ಬಣ ಕಾಸಿ, ಜಾಳಿಯದೇ ಒಳ ಅಂಚಿನಿಂದ ಕೊಯ್ದ ತುಂಡನ್ನು ಹನಿ ಹನಿಯಾಗಿ ಕೂಡಿಸುತ್ತ ಬಂದೆ. ಹಿಂದೆ ತಾಮ್ರದ ಸಣ್ಣ ತಂತಿಯಿಂದ ಹೊಲಿದೆ. ಇದಕ್ಕೆ ಬ್ಲೋ ಲ್ಯಾಂಪ್ ತೋರಿಸುವಂತಿರಲಿಲ್ಲ. ಸಣ್ಣ ಮರಳುಕಾಗದವನ್ನು ನೀರಿನಲ್ಲಿ ಅದ್ದಿ ತಿಕ್ಕಿ, ಮೇಣಕ್ಕೆ ದೀಪದ ಕಾಡಿಗೆ ಬೆರೆಸಿ ಬೆಚ್ಚಗಿದ್ದಾಗ ಉಜ್ಜಿದೆ. ಮನಸ್ಸು ಯಾವುದರಲ್ಲೂ ಇರಲಿಲ್ಲ, ಆದರೂ ಕೈ ಅಷ್ಟು ಹದವಾಗಿ ಯಾವತ್ತೂ ಓಡಿರಲಿಲ್ಲ. ಚಾಚಾ ತಾವೇ ಬಂದು ಎಲ್ಲವನ್ನೂ ಕೂಡಿಸಿದರು. ಸ್ಕ್ರೂ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತಿದ್ದವು. ಮುಗಿದಾಗ ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಗಾಡಿ ಶೋರೂಮಿನಿಂದ ಬಂದಂತಿತ್ತು.

ಸಾಹುಕಾರರು ಹಬ್ಬಕ್ಕೆ ಮುಂಚೆಯೇ, ಬೇರೆ ಡ್ರೈವರನ್ನು ಕರೆದುಕೊಂಡು ಜೀಪಿನಲ್ಲಿ ಬಂದರು. ಇಳಿದವರೇ ಗಾಡಿಯ ಮುಂದೆ ನಿಂತು ಅದನ್ನೂ ಚಾಚಾನನ್ನೂ ನೋಡಿದರು.

"ಏನ್ ಭಾಯಿ, ಕಣ್ಣ ಕಾಣಂಗಿಲ್ಲ ಅಂತ ಹೇಳಿ ಕಳಿಸೀರಲ್ಲ? ಕಣ್ಣ ಕಾಣದವ್ರು ಗಾಡಿ ಹಿಂಗ ಇಟ್ಕೊತಾರೇನು?" ಜಾಳಿಯ ಮೇಲೆ ಕೈಯಾಡಿಸಿದರು. "ಒಂದು ಗೀರಿಲ್ಲ. ಖರೇ ಹೇಳ್ರಿ, ಯಾವ ಮಿಲ್ಲಿನವ್ರು ಕರದಾರ?"

"ಯಾರೂ ಕರದಿಲ್ಲರಿ. ಡಾಕ್ಟರು ಅಂದ್ರು..."

"ಡಾಕ್ಟರು ಅಂತಾರ. ನಂಗೂ ಚಾಳೀಸು ಬಂದದ. ಚಷ್ಮಾ ಹಾಕೋರಿ. ಹಬ್ಬದ ಮ್ಯಾಲೆ ತೊಗರಿ ಬರ್ತದ, ನಿಮ್ಮನ್ನ ಬಿಟ್ಟು ಯಾರ ಕೈಯಾಗ ಗಾಡಿ ಕೊಡ್ಲಿ? ಆ ಮಾತು ಬಿಡ್ರಿ, ಹತ್ರಿ. ಸೇಡಂಗ ಹೋಗೋಣ."

ಬೀಗದ ಕೈ ಆಗ ನನ್ನ ಗಂಡನ ಕೈಯಲ್ಲಿತ್ತು. ಚಾಚಾ ಆ ಕಡೆ ತಿರುಗಿದರು. ಅವರ ಮುಖದಲ್ಲಿ ಅಷ್ಟು ದಿನ ಇಲ್ಲದ ಒಂದು ಆಸೆ ಬಂದಿತ್ತು. ಮೆಲ್ಲಗೆ ಕೈ ಚಾಚಿದರು.

ಚಾಚಾನ ಜೊತೆ ಬಂದಿದ್ದ ಚಾಚಿ ನನ್ನ ಮುಖ ನೋಡಿದರು. ನಾನು ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದೆ. ಜಾಳಿಯ ಸ್ಕ್ರೂಗಳನ್ನು ಬಿಚ್ಚಿದೆ. "ಏನ್ ಮಾಡಾಕತ್ತೀಯವ್ವಾ?" ಎಂದರು ಸಾಹುಕಾರರು. ಜಾಳಿಯನ್ನು ಹೊರಗೆಳೆದು, ಬೆನ್ನು ತಿರುವಿ ಅವರ ಕೈಗೆ ಕೊಟ್ಟೆ.

ಮುಂದೆ ಕನ್ನಡಿಯಂತಿದ್ದದ್ದು ಹಿಂದೆ ಬರೀ ಹೊಲಿಗೆ. ತಾಮ್ರದ ತಂತಿ, ಕರಗಿ ಗಂಟುಗಂಟಾದ ಪ್ಲಾಸ್ಟಿಕ್ಕು. ಬಂಪರಿನ ಎಡಮೂಲೆ ಬಿಚ್ಚಿ, ಹಿಂದಿನ ಹಿತ್ತಾಳೆಯ ಬಲೆ ಕಾಣುವಂತೆ ಅದನ್ನೂ ಕೊಟ್ಟೆ. ಕನ್ನಡಿ ಡಬ್ಬಿಗೆ ಕೈ ಹಚ್ಚಿದಾಗ ಸಾಹುಕಾರರು, "ಸಾಕು," ಎಂದರು.

"ಎಲ್ಲಾ ಎಡಗಡಿಂದ್ರಿ," ಎಂದೆ. "ಬಲಗಡಿಂದು ಬಿಚ್ಚಿ ನೋಡ್ರಿ, ಏನೂ ಆಗಿಲ್ಲ. ಒಂದು ಸಲ ಆಗಿದ್ದಲ್ಲ ಇದು. ಸುಲೇಪೇಟನಾಗ ಒಬ್ಬಾಕಿ ಬಿದ್ದಾಳ."

ಸಾಹುಕಾರರು ಚಾಚಾನ ಮುಂದೆ ಹೋಗಿ ನಿಂತರು. ಮೆಲ್ಲಗೆ ತಮ್ಮ ಬಲಗೈ ಎತ್ತಿ ಚಾಚಾನ ಎಡ ಕೆನ್ನೆಯ ಹತ್ತಿರ ಬೆರಳು ಆಡಿಸಿದರು. ಚಾಚಾನ ರೆಪ್ಪೆ ಅಲುಗಲಿಲ್ಲ. ಸಾಹುಕಾರರ ಕೈ ಕೆಳಗಿಳಿಯಿತು.

"ಇಷ್ಟು ದಿನ ನನ್ನ ಗಾಡಿ ಕುರುಡನ ಕೈಯಾಗಿತ್ತೇನು?" ಎಂದರು. ಬೀದಿಯಲ್ಲಿ ಜನ ಸೇರಿದ್ದರು. ಕೂಗಿ ಹೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

ಹೊಸ ಡ್ರೈವರ್ ಗಾಡಿ ಹತ್ತಿದ. ಜಾಳಿಯನ್ನೂ ಮೂಲೆಯನ್ನೂ ಹಿಂದೆ ಖಾಲಿ ಚೀಲಗಳ ಮೇಲೆ ಎಸೆದರು. ಗಾಡಿ ಹೋಯಿತು. ಚಾಚಾ ಅದು ಹೋದ ದಿಕ್ಕಿಗೆ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಚಾಚಿಯ ಭುಜ ಹಿಡಿದು ಸ್ಟೇಷನ್ನಿನ ಕಡೆ ನಡೆದರು. ಅಲ್ಲಿಯ ತನಕ ಅವರು ಯಾರ ಭುಜವನ್ನೂ ಹಿಡಿದು ನಡೆದದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಆ ಗಾಡಿ ಎಷ್ಟೋ ಸಲ ನಮ್ಮ ಮುಂದೆ ಹಾದುಹೋಯಿತು, ಹೈದರಾಬಾದಿನ ಹೊಸ ಜಾಳಿ ಹಾಕಿಕೊಂಡು. ಒಮ್ಮೆ ಹೊಸ ಡ್ರೈವರ್ ನಿಲ್ಲಿಸಿ ಹೇಳಿದ: ಸಿಟ್ಟು ಇಳಿದ ಮೇಲೆ ಸಾಹುಕಾರರು ಮಿಲ್ಲಿನ ಗೇಟಿನಲ್ಲಿ ಕಾವಲಿಗೆ ಕೂಡಲು ಬರಬೇಕೆಂದು ಚಾಚಾನಿಗೆ ಹೇಳಿ ಕಳಿಸಿದ್ದರಂತೆ. ಚಾಚಾ, "ಗೇಟಿನಾಗ ಕುಂತು ಅದ ಗಾಡಿ ಬರೋದು ಹೋಗೋದು ಕೇಳ್ಬೇಕೇನು?" ಎಂದರಂತೆ. ಹೋಗಲಿಲ್ಲ.

ಮುಂದಿನ ವರ್ಷ ಬೇಸಿಗೆಯಲ್ಲಿ ನಾನು ಚಿತ್ತಾಪುರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಚಾಚಿ ಕಂಡರು. ಪಕ್ಕದಲ್ಲಿ ಕೋಲು ಹಿಡಿದು ಚಾಚಾ ಕೂತಿದ್ದರು. ಗಡ್ಡಕ್ಕೆ ಮದರಂಗಿ ಇರಲಿಲ್ಲ. ಬಸ್ಸಿಗೆ ಕಾಯುತ್ತಿದ್ದರು. ಬಲಗಣ್ಣೂ ಹೋಗಿದೆಯೆಂದು ಚಾಚಿ ಸನ್ನೆಯಲ್ಲೇ ಹೇಳಿದರು. ನಾನು ಮಾತಾಡಿಸಿದೆ. ದನಿಯಿಂದ ಗುರುತು ಹಿಡಿದರು.

"ಕುಂದ್ರು," ಎಂದರು. ಕೂತೆ.

"ಅವತ್ತ ನೀ ಜಾಳಿ ಬಿಚ್ಚಬಾರದಿತ್ತು ಬೇಟಿ. ಅಷ್ಟು ಮಂದಿ ಮುಂದ. ನಾನ ಹೇಳ್ತಿದ್ದೆ. ಹಬ್ಬ ಆದ ಮ್ಯಾಲೆ ಹೇಳ್ತಿದ್ದೆ."

"ಹೇಳ್ತಿದ್ರೇನು ಚಾಚಾ?"

ಅವರು ಕೋಲಿನ ಹಿಡಿಯನ್ನು ಎರಡೂ ಕೈಯಿಂದ ತಿರುವುತ್ತ ಕೂತರು. ಬಸ್ಸು ಬಂದು ನಿಂತಿತು, ಜನ ನುಗ್ಗಿದರು.

"ಇಲ್ಲ," ಎಂದರು. "ಹೇಳ್ತಿರ್ಲಿಲ್ಲ."

ಎದ್ದರು. ಬಾಗಿಲ ಹತ್ತಿರ ಅವರ ಕೈ ಹಿಡಿಕೆಯನ್ನು ಹುಡುಕುತ್ತಿತ್ತು. ನಾನು ಆ ಕೈಯನ್ನು ಹಿಡಿದು ಅದರ ಮೇಲಿಟ್ಟೆ. ಅವರು ಹತ್ತಿದರು, ಹಿಂದೆ ಚಾಚಿ. ಕಂಡಕ್ಟರ್ ಸೀಟಿ ಊದಿದ. ಚಾಚಾ ಕಿಟಕಿಯ ಪಕ್ಕ ಮುಂದಕ್ಕೆ ಮುಖ ಮಾಡಿ ಕೂತಿದ್ದರು. ನಾನು ಕೈ ಎತ್ತಿದೆ, ಆಮೇಲೆ ಇಳಿಸಿದೆ.